ಒಂದು ಕಾಲಾಳಿನ ಬೆಲೆ

ಚದುರಂಗದ ಮಣೆಯಲ್ಲಿ 64 ಮನೆಗಳಿವೆ. ಆಟ ತೊಡಗುವಾಗ ಅವುಗಳ ಮೇಲೆ 32 ಕಾಯಿಗಳು ನಿಂತಿರುತ್ತವೆ. ಮೊದಲ ನಡೆ ಯಾವಾಗಲೂ ಬಿಳಿಯ ಪಕ್ಷದ್ದು. ಆಗ ಅದಕ್ಕಿರುವ ಆಯ್ಕೆಗಳು 20 ಮಾತ್ರ: ಎಂಟು ಕಾಲಾಳುಗಳಿಗೆ ಎರಡೆರಡು, ಎರಡು ಕುದುರೆಗಳಿಗೆ ಎರಡೆರಡು. ಕಪ್ಪು ಪಕ್ಷಕ್ಕೂ ಆಯ್ಕೆಗಳು ಅಷ್ಟೇ. ಆದುದರಿಂದ ಇಬ್ಬರೂ ಒಂದೊಂದು ನಡೆ ನಡೆದ ಮಾತ್ರಕ್ಕೆ ಮಣೆಯ ಮೇಲೆ 400 ಬಗೆಯ ಸನ್ನಿವೇಶಗಳು ಏರ್ಪಡಬಲ್ಲವು. ಮುಂದಿನ ಪ್ರತಿಯೊಂದು ನಡೆಯಲ್ಲಿಯೂ ಈ ಸಂಖ್ಯೆ ಮರದ ಕೊಂಬೆರೆಂಬೆಗಳಂತೆ ಕವಲೊಡೆಯುತ್ತ ಹೋಗಿ, ಕೆಲವೇ ನಡೆಗಳೊಳಗೆ ಮನುಷ್ಯನ ಎಣಿಕೆಯನ್ನು ಮೀರುತ್ತದೆ. ಇಂಥ ಕಾಡಿನಲ್ಲಿ ದಾರಿ ಕಾಣಲೆಂದು ಹಿಂದಿನ ಆಟಗಾರರು ತಮ್ಮ ಅನುಭವದಿಂದ ಕೆಲವು ಜಾಡುಗಳನ್ನು ಮೂಡಿಸಿಟ್ಟಿದ್ದಾರೆ. ಅವುಗಳಿಗೆ 'ಆರಂಭ'ಗಳೆಂದು ಹೆಸರು. ಸ್ಪೇನಿನ ಆರಂಭ, ಫ್ರಾನ್ಸಿನ ರಕ್ಷಣೆ, ಸಿಸಿಲಿಯ ರಕ್ಷಣೆ ಎಂದು ದೇಶಗಳ ಹೆಸರು ಹೊತ್ತವುಗಳೂ ಇವೆ. ವ್ಯಕ್ತಿಗಳ ಹೆಸರು ಹೊತ್ತವುಗಳೂ ಇವೆ.

ಆರಂಭಗಳನ್ನು ಇಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಬೇಕಾಗಿ ಬಂದುದಕ್ಕೆ ಒಂದು ಕಾರಣವುಂಟು. ಭಾರತದಲ್ಲಿ ಹುಟ್ಟಿದ ಚದುರಂಗವು ಪರ್ಷಿಯಕ್ಕೂ ಅಲ್ಲಿಂದ ಅರಬ್ಬರ ನಾಡುಗಳಿಗೂ ಹೋಗಿ, ಅರಬ್ಬರ ಮೂಲಕ ಯೂರೋಪನ್ನು ಸೇರಿತು. ಅರಬ್ಬರ ಆಟದಲ್ಲಿ ಮಂತ್ರಿಯು ಕರ್ಣರೇಖೆಯಲ್ಲಿ ಒಂದೇ ಒಂದು ಮನೆ ನಡೆಯಬಲ್ಲ ದುರ್ಬಲವಾದ ಕಾಯಿ. ಇಂದು ನಾವು ಒಂಟೆಯೆನ್ನುವ ಕಾಯಿಯು ಕರ್ಣರೇಖೆಯಲ್ಲಿ ಎರಡನೆಯ ಮನೆಗೆ ಮಾತ್ರ ಹಾರುತ್ತಿತ್ತು. ಇಂಥ ಆಟದಲ್ಲಿ ಎರಡು ಸೇನೆಗಳು ಮುಖಾಮುಖಿಯಾಗುವುದಕ್ಕೇ ಬಹಳ ಕಾಲ ಹಿಡಿಯುತ್ತಿತ್ತು. ಮೊದಲ ಹತ್ತು ನಡೆಗಳಲ್ಲಿ ತಪ್ಪು ಮಾಡಿದವನಿಗೂ ತಿದ್ದಿಕೊಳ್ಳಲು ಬಿಡುವಿರುತ್ತಿತ್ತು. ಹದಿನೈದನೆಯ ಶತಮಾನದ ಕೊನೆಯ ವೇಳೆಗೆ ಯೂರೋಪಿನಲ್ಲಿ ಮಂತ್ರಿಗೂ ಒಂಟೆಗೂ ಇಂದಿನ ದೂರಗಾಮಿಯಾದ ಶಕ್ತಿ ಒದಗಿತು. ಅಂದಿನಿಂದ ಆಟದ ಗತಿಯೇ ಬದಲಾಯಿತು. ಐದಾರು ನಡೆಗಳಲ್ಲಿಯೇ ರಾಜನು ಸೆರೆಸಿಕ್ಕುವ ಸಂಭವ ಉಂಟಾಯಿತು. ಮೊದಲ ಹೆಜ್ಜೆಯನ್ನು ಎಲ್ಲಿಡಬೇಕೆಂಬುದು ಸಾವುಬದುಕಿನ ಪ್ರಶ್ನೆಯಾದಾಗ ಅದನ್ನು ಕುರಿತು ಗ್ರಂಥಗಳು ಹುಟ್ಟಿದುದು ಸಹಜವೇ.

ಅಂಥ ಗ್ರಂಥಗಳಲ್ಲೊಂದನ್ನು 1561ರಲ್ಲಿ ಪ್ರಕಟಿಸಿದವನು ರುಯ್ ಲೋಪೆಜ್ ಎಂಬ ಸ್ಪೇನ್ ದೇಶದ ಪಾದ್ರಿ. ಸ್ಪೇನಿನ ಆರಂಭವು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಈ ನಡೆಗಳು ಅವನಿಗಿಂತ ಹಿಂದಿನ ಹಸ್ತಪ್ರತಿಯೊಂದರಲ್ಲಿಯೂ ದೊರೆಯುತ್ತವೆಂಬುದು ಬೇರೆಯ ಮಾತು; ಹೆಸರು ಅನೇಕ ವೇಳೆ ಕಂಡುಹಿಡಿದವನಿಗಿಂತ ವಿವರಿಸಿ ಹೇಳಿದವನಿಗೇ ಸಲ್ಲುತ್ತದೆ.

ಮುಂದೆ ಬರುವ ವಿವರಣೆಯನ್ನು ಓದುವಾಗ ಚದುರಂಗದ ಮಣೆಯೊಂದು ಪಕ್ಕದಲ್ಲಿದ್ದರೆ ಅನುಕೂಲ. ಬಿಳಿಯ ಪಕ್ಷದವನ ಎಡಗಡೆಯಿಂದ ಬಲಗಡೆಗೆ ಇರುವ ಎಂಟು ನೀಟಸಾಲುಗಳನ್ನು ಕ್ರಮವಾಗಿ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಕರೆಯುತ್ತಾರೆ. ಅಡ್ಡಸಾಲುಗಳಿಗೆ ಅವನ ಕಡೆಯಿಂದಲೇ 1ರಿಂದ 8ರವರೆಗೆ ಅಂಕಿಗಳು. ಬಿಳಿಯ ರಾಜನು ಇ1ರಲ್ಲಿ, ಅವನ ಮಂತ್ರಿಯು ಡಿ1ರಲ್ಲಿ ನಿಂತಿರುತ್ತಾರೆ. ಕಪ್ಪು ರಾಜನು ಇ8ರಲ್ಲಿ, ಅವನ ಮಂತ್ರಿಯು ಡಿ8ರಲ್ಲಿ. ಮೂಲೆಯ ಕಾಯಿ ಆನೆ, ಅದರ ಪಕ್ಕದ್ದು ಕುದುರೆ, ಅದರ ಪಕ್ಕದ್ದು ಒಂಟೆ.

ಸ್ಪೇನಿನ ಆರಂಭವು ಹೀಗೆ ತೊಡಗುತ್ತದೆ. ಬಿಳಿಯ ಪಕ್ಷವು ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ನಡೆಸುತ್ತದೆ. ಕಪ್ಪು ಪಕ್ಷವು ತನ್ನದನ್ನು ಇ5ಕ್ಕೆ ತಂದು ಎದುರು ನಿಲ್ಲಿಸುತ್ತದೆ. ಬಿಳಿಯ ಕುದುರೆ ಎಫ್3ಕ್ಕೆ ಬಂದು ಇ5ರ ಕಾಲಾಳಿನ ಮೇಲೆ ಕಣ್ಣಿಡುತ್ತದೆ. ಕಪ್ಪು ಕುದುರೆ ಸಿ6ಕ್ಕೆ ಬಂದು ಅದನ್ನು ಕಾಯುತ್ತದೆ. ಮೂರನೆಯ ನಡೆಯಲ್ಲಿ ಬಿಳಿಯ ಒಂಟೆ ಬಿ5ಕ್ಕೆ ಸಾಗುತ್ತದೆ. ಇದೇ ಲೋಪೆಜನ ನಡೆ. ಕಾಲಾಳಿನ ಮೇಲೆ ನೇರವಾಗಿ ಬೀಳದೆ, ಅದನ್ನು ಕಾಯುತ್ತಿರುವ ಕುದುರೆಯನ್ನೇ ಕಾಡುವ ಉಪಾಯವಿದು. ಮೇಲುನೋಟಕ್ಕೆ ಕುದುರೆಯನ್ನು ಹೊಡೆದು ಬಳಿಕ ಕಾಲಾಳನ್ನು ಕಬಳಿಸಬಹುದೆಂದು ತೋರುತ್ತದೆ. ಆದರೆ ಕಪ್ಪು ಪಕ್ಷವು ಎ6ಕ್ಕೆ ಕಾಲಾಳನ್ನಿಟ್ಟು ಒಂಟೆಯನ್ನು ಕೆಣಕಿದಾಗ ಹಾಗೆ ಮಾಡಿದರೆ, ಅದರ ಮಂತ್ರಿ ಡಿ4ಕ್ಕೆ ಹಾರಿ ಬಿಳಿಯ ಕುದುರೆಯನ್ನೂ ಇ4ರ ಕಾಲಾಳನ್ನೂ ಒಮ್ಮೆಗೇ ಹಿಡಿಯುತ್ತದೆ. ಕೊಂಡದ್ದನ್ನು ಹಿಂದಕ್ಕೆ ಕೊಡಬೇಕಾಗುತ್ತದೆ. ಆದಕಾರಣ ಬಿಳಿಯ ಒಂಟೆ ಎ4ಕ್ಕೆ ಸರಿದು, ಬೆದರಿಕೆಯನ್ನು ಉಳಿಸಿಕೊಂಡು ಕಾಯುತ್ತದೆ. ಅವಸರವಿಲ್ಲದ ಈ ಒತ್ತಡವೇ ಈ ಆರಂಭದ ಜೀವಾಳ. ನಾನ್ನೂರು ವರ್ಷಗಳಿಗೂ ಮಿಕ್ಕು ಅದು ಬಾಳಿರುವುದು ಇದರಿಂದಲೇ.

ಈ ನಿಧಾನದ ಒತ್ತಡವನ್ನು ಸಹಿಸಲೊಲ್ಲದ ಒಬ್ಬ ಆಟಗಾರನಿದ್ದನು. ಅವನು ಅಮೆರಿಕದ ಫ್ರಾಂಕ್ ಮಾರ್ಷಲ್. 1877ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಮಾರ್ಷಲನು 1909ರಿಂದ 1936ರವರೆಗೆ ತನ್ನ ದೇಶದ ಚಾಂಪಿಯನ್ ಆಗಿದ್ದನು. ಕಾಯಿಗಳನ್ನು ಕೂಡಿಡುವುದಕ್ಕಿಂತ ತೆತ್ತು ಆಕ್ರಮಿಸುವುದರಲ್ಲಿ ಅವನಿಗೆ ಹೆಚ್ಚಿನ ಪ್ರೀತಿ. ದುರ್ಬಲರ ಮುಂದೆ ಈ ಶೈಲಿ ಗಾಳಿ ಬೀಸಿದಂತೆ ಗೆಲ್ಲುತ್ತಿತ್ತು. ಮಹಾಪ್ರೌಢರ ಮುಂದೆ ಅನೇಕ ವೇಳೆ ಸೋಲುತ್ತಿತ್ತು. 1907ರಲ್ಲಿ ಜಗಜ್ಜೇತನಾದ ಲಾಸ್ಕರನೊಡನೆ ಆಡಿದ 15 ಆಟಗಳಲ್ಲಿ ಮಾರ್ಷಲನು ಎಂಟನ್ನು ಸೋತು, ಒಂದನ್ನೂ ಗೆಲ್ಲಲಿಲ್ಲ.

ಅವನ ಬಾಳಿನ ದೊಡ್ಡ ಆಘಾತ ಬಂದುದು ಎರಡು ವರ್ಷಗಳ ಬಳಿಕ. 1909ರಲ್ಲಿ ಕ್ಯೂಬಾ ದ್ವೀಪದ ಇಪ್ಪತ್ತು ವರ್ಷದ ತರುಣನೊಬ್ಬನು ಅವನೊಡನೆ ಪಂದ್ಯಕ್ಕೆ ನಿಂತನು. ಅವನೇ ಹವಾನದ ಹೊಸೆ ರೌಲ್ ಕಪಾಬ್ಲಾಂಕ. ನಾಲ್ಕು ವರ್ಷದ ಮಗುವಾಗಿದ್ದಾಗ ತಂದೆಯ ಆಟವನ್ನು ನೋಡುತ್ತ ನೋಡುತ್ತಲೇ ಚದುರಂಗವನ್ನು ಕಲಿತವನೆಂದು ಅವನ ಖ್ಯಾತಿ. ದೊಡ್ಡ ಪಂದ್ಯಾವಳಿಗಳ ಅನುಭವ ಅವನಿಗಿನ್ನೂ ಇರಲಿಲ್ಲವಾದುದರಿಂದ ಮಾರ್ಷಲನ ಗೆಲುವು ನಿಶ್ಚಿತವೆಂದು ಹಲವರು ಎಣಿಸಿದ್ದರು. ಆದರೆ ಎಂಟು ಆಟಗಳನ್ನು ಕಪಾಬ್ಲಾಂಕನೇ ಗೆದ್ದನು. ಮಾರ್ಷಲನಿಗೆ ದಕ್ಕಿದುದು ಒಂದೇ. ಉಳಿದ 14 ಸರಿಸಮವಾದವು. ಕಪಾಬ್ಲಾಂಕನ ಆಟದಲ್ಲಿ ಅಬ್ಬರವಿರಲಿಲ್ಲ. ಕಾಯಿಗಳು ಎಲ್ಲಿರಬೇಕೋ ಅಲ್ಲಿ ತಾವಾಗಿಯೇ ಬಂದು ನಿಲ್ಲುತ್ತಿವೆಯೋ ಎನ್ನಿಸುವಂಥ ಸರಳತೆ ಅದರದು. ಆರಂಭಗಳ ಗ್ರಂಥಾಭ್ಯಾಸದಲ್ಲಿ ಅವನು ಅಷ್ಟೇನೂ ಆಸಕ್ತನಲ್ಲ. ಮಣೆಯ ಮುಂದೆ ಕುಳಿತಾಗ ತನ್ನ ವಿವೇಚನೆ ತನ್ನ ಕೈಬಿಡದೆಂಬ ವಿಶ್ವಾಸವೇ ಅವನ ಬಂಡವಾಳ.

ಹೀಗಿರುವಾಗ 1918ರ ಶರತ್ಕಾಲದಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಚದುರಂಗ ಸಂಘವು ಒಂದು ಪಂದ್ಯಾವಳಿಯನ್ನು ಏರ್ಪಡಿಸಿತು. ಮೊದಲನೆಯ ಮಹಾಯುದ್ಧವು ಇನ್ನೂ ಮುಗಿದಿರಲಿಲ್ಲ. ಅಕ್ಟೋಬರ್ 23ರಂದು ಕಪಾಬ್ಲಾಂಕ, ಮಾರ್ಷಲ್ ಇಬ್ಬರೂ ಎದುರುಬದುರಾಗಿ ಕುಳಿತರು. ಬಿಳಿಯ ಕಾಯಿಗಳು ಕಪಾಬ್ಲಾಂಕನವು. 1916ರಿಂದೀಚೆಗೆ ಅವನು ಒಂದು ಆಟವನ್ನೂ ಸೋತಿರಲಿಲ್ಲ.

ಈ ಆಟದ ಸುತ್ತ ಒಂದು ಕಥೆ ಹೆಣೆದುಕೊಂಡಿದೆ. 1909ರ ಸೋಲಿನ ಸೇಡನ್ನು ತೀರಿಸಿಕೊಳ್ಳಲೆಂದು ಮಾರ್ಷಲನು ಗುಟ್ಟಾಗಿ ಒಂದು ಹೊಸ ಆಕ್ರಮಣವನ್ನು ರೂಪಿಸಿ, ಅದನ್ನು ಯಾರ ಮೇಲೂ ಪ್ರಯೋಗಿಸದೆ ಒಂಬತ್ತು ವರ್ಷ ಬಚ್ಚಿಟ್ಟಿದ್ದನೆಂದು ಆ ಕಥೆ ಹೇಳುತ್ತದೆ. ಕೇಳಲು ಸೊಗಸಾದ ಕಥೆಯಾದರೂ ಅದನ್ನು ಪೂರ್ತಿಯಾಗಿ ನಂಬುವಂತಿಲ್ಲ. ಇದೇ ಬಗೆಯ ಕಾಲಾಳಿನ ತ್ಯಾಗವು 1893ರಷ್ಟು ಹಿಂದೆಯೇ ಬೇರೊಂದು ಆಟದಲ್ಲಿ ಬಂದಿತ್ತೆಂದು ಚದುರಂಗದ ಇತಿಹಾಸಕಾರರು ತೋರಿಸಿದ್ದಾರೆ. ಆದರೆ ಮಾರ್ಷಲನು ಅಂದು ಸಿದ್ಧತೆ ಮಾಡಿಕೊಂಡೇ ಬಂದಿದ್ದನು. ಕಪಾಬ್ಲಾಂಕನಿಗೆ ಅದು ಹೊಸತಾಗಿತ್ತು. ಈ ಎರಡು ಸಂಗತಿಗಳಲ್ಲಿ ಸಂದೇಹವಿಲ್ಲ. ಮನೆಯಲ್ಲಿ ಕುಳಿತು ಬಿಡುವಾಗಿ ಹೂಡಿದ ಹಂಚಿಕೆಯನ್ನು, ಗಡಿಯಾರದ ಮುಂದೆ ಕುಳಿತ ಒಂಟಿ ಬುದ್ಧಿಯು ಎದುರಿಸಿ ನಿಲ್ಲಬಲ್ಲುದೇ? ಆ ದಿನದ ಆಟದಲ್ಲಿ ಪರೀಕ್ಷೆಗೆ ನಿಂತುದು ಈ ಪ್ರಶ್ನೆ.

ಎರಡೂ ಪಕ್ಷಗಳು ಸ್ಪೇನಿನ ಆರಂಭದ ಪರಿಚಿತವಾದ ದಾರಿಯಲ್ಲಿಯೇ ಏಳು ನಡೆ ನಡೆದವು. ಇಬ್ಬರ ರಾಜರೂ ಬಲಭಾಗದ ಕೋಟೆಯನ್ನು ಸೇರಿದರು, ಎಂದರೆ ಬಿಳಿಯ ರಾಜನು ಜಿ1ಕ್ಕೆ, ಕಪ್ಪು ರಾಜನು ಜಿ8ಕ್ಕೆ. ಬಿಳಿಯ ಆನೆ ಇ1ರಲ್ಲಿ ನಿಂತಿತು. ಬಿ5ಕ್ಕೆ ನುಗ್ಗಿದ ಕಪ್ಪು ಕಾಲಾಳು ಬಿಳಿಯ ಒಂಟೆಯನ್ನು ಬಿ3ಕ್ಕೆ ಓಡಿಸಿತು. ಎಂಟನೆಯ ನಡೆಯಲ್ಲಿ ಕಪಾಬ್ಲಾಂಕನು ಸಿ3ಕ್ಕೆ ಕಾಲಾಳನ್ನು ನಡೆಸಿದನು. ಮುಂದಿನ ನಡೆಯಲ್ಲಿ ಡಿ4ಕ್ಕೆ ಇನ್ನೊಂದನ್ನು ತಂದು ಮಣೆಯ ನಡುಭಾಗವನ್ನು ಆಕ್ರಮಿಸುವುದು ಅವನ ಉದ್ದೇಶ. ಇದಕ್ಕೆ ಕಪ್ಪು ಪಕ್ಷದ ವಾಡಿಕೆಯ ಉತ್ತರವೆಂದರೆ ಡಿ6ಕ್ಕೆ ಒಂದು ಹೆಜ್ಜೆಯಿಟ್ಟು ಇ5ರ ಕಾಲಾಳಿಗೆ ಬೆಂಬಲ ಕೊಡುವುದು. ಮಾರ್ಷಲನು ಒಂದಕ್ಕೆ ಬದಲು ಎರಡು ಹೆಜ್ಜೆ ನಡೆಸಿ ಕಾಲಾಳನ್ನು ಡಿ5ರಲ್ಲಿಟ್ಟನು.

ಆ ಒಂದು ಹೆಚ್ಚಿನ ಹೆಜ್ಜೆಯಲ್ಲಿಯೇ ಎಲ್ಲವೂ ಅಡಗಿದೆ. ಇ4ರ ಬಿಳಿಯ ಕಾಲಾಳು ಡಿ5ರಲ್ಲಿರುವುದನ್ನು ಹೊಡೆಯುತ್ತದೆ. ಕಪ್ಪು ಕುದುರೆ ಅದನ್ನು ಹೊಡೆದು ಡಿ5ರಲ್ಲಿ ನಿಲ್ಲುತ್ತದೆ. ಈಗ ಇ ಸಾಲು ತೆರವಾಯಿತು. ಇ5ರ ಕಾಲಾಳಿನ ಮೇಲೆ ಬಿಳಿಯ ಕುದುರೆಯೂ ಆನೆಯೂ ಕೂಡಿ ಬಿದ್ದರೆ ಅದನ್ನು ಕಾಯಲು ಸಿ6ರ ಕುದುರೆಯೊಂದೇ ಸಾಲದು. ಎಂದರೆ ಮಾರ್ಷಲನು ಒಂದು ಕಾಲಾಳನ್ನು ತಟ್ಟೆಯಲ್ಲಿಟ್ಟು ನೀಡುತ್ತಿದ್ದಾನೆ. ಹೀಗೆ ಆರಂಭದಲ್ಲಿಯೇ ಲಾಭವನ್ನು ನಿರೀಕ್ಷಿಸಿ ಕಾಯಿಯೊಂದನ್ನು ತೆರುವುದನ್ನು ಚದುರಂಗದ ಪರಿಭಾಷೆಯಲ್ಲಿ ಗ್ಯಾಂಬಿಟ್ ಎನ್ನುತ್ತಾರೆ.

ತೆತ್ತ ಕಾಲಾಳಿಗೆ ಬರುವ ಬೆಲೆಯೇನು? ಕಾಲ. ಬಿಳಿಯ ಪಕ್ಷವು ಆ ಕಾಲಾಳನ್ನು ಪಡೆಯುವಷ್ಟರಲ್ಲಿ ಅದರ ಎಫ್3ರ ಕುದುರೆ ಕಪ್ಪು ಕುದುರೆಯೊಡನೆ ವಿನಿಮಯವಾಗಿ ಹೋಗಿರುತ್ತದೆ. ರಾಜನ ಮನೆಯ ಬಾಗಿಲು ಕಾಯುತ್ತಿದ್ದ ಕಾಯಿಯೇ ಅದು. ಅದರ ಆನೆ ಇ5ರಲ್ಲಿ ಒಂಟಿಯಾಗಿ ಸಿಕ್ಕಿಕೊಂಡು ಮತ್ತೆ ಮನೆಗೆ ಓಡಬೇಕಾಗುತ್ತದೆ. ಎಡಭಾಗದ ಆನೆ, ಕುದುರೆ, ಒಂಟೆ ಮೂರೂ ಇನ್ನೂ ನಿದ್ರೆಯಲ್ಲಿರುತ್ತವೆ. ಸಿ3ರಲ್ಲಿ ಕಾಲಾಳು ನಿಂತಿರುವುದರಿಂದ ಆ ಕುದುರೆಗೆ ತನ್ನ ಸಹಜವಾದ ಮನೆಯೂ ಇಲ್ಲ. ಅತ್ತ ಕಪ್ಪು ಪಕ್ಷದ ಎರಡು ಒಂಟೆಗಳಿಗೂ ಮಂತ್ರಿಗೂ ಬಿಳಿಯ ರಾಜನ ಕಡೆಗೆ ಹಾದಿಗಳು ತೆರೆದಿರುತ್ತವೆ. ವ್ಯಾಪಾರಿಯ ಲೆಕ್ಕದಲ್ಲಿ ಇದು ನಷ್ಟ. ದಂಡನಾಯಕನ ಲೆಕ್ಕದಲ್ಲಿ ಲಾಭವೂ ಆಗಬಹುದು.

ಕಪಾಬ್ಲಾಂಕನಿಗೆ ಬಲೆಯ ವಾಸನೆ ಹತ್ತಿತು. ಈ ಆಟವನ್ನು ಕುರಿತು ಮುಂದೆ ತಾನೇ ಬರೆದ ಟಿಪ್ಪಣಿಯಲ್ಲಿ ಅವನು ಆ ಕ್ಷಣದ ಮನಃಸ್ಥಿತಿಯನ್ನು ಮರೆಮಾಚದೆ ತಿಳಿಸಿದ್ದಾನೆ. ಕಾಲಾಳನ್ನು ಹೊಡೆದರೆ ಭಯಂಕರವಾದ ಆಕ್ರಮಣವನ್ನು ಎದುರಿಸಬೇಕಾಗುವುದೆಂದೂ ಅದರ ಪ್ರತಿಯೊಂದು ತಿರುವೂ ಎದುರಾಳಿಗೆ ಪರಿಚಿತವಾಗಿರುವುದೆಂದೂ ಅವನಿಗೆ ಗೊತ್ತಿತ್ತು. ಹೊಡೆಯದೆ ಪಕ್ಕಕ್ಕೆ ಸರಿಯುವುದಕ್ಕೂ ಅವಕಾಶವಿತ್ತು. ಆದರೆ ತನ್ನ ತೀರ್ಮಾನಶಕ್ತಿಗೇ ಹಾಕಿದ ಸವಾಲು ಇದೆಂದು ಅವನಿಗೆ ತೋರಿತು. ಸ್ಥಿತಿಯನ್ನು ಅಳೆದು ನೋಡಿ, ಇದನ್ನು ರಕ್ಷಿಸಿಕೊಳ್ಳುವುದು ಸಾಧ್ಯವೆಂದು ಬುದ್ಧಿ ಹೇಳಿದ ಮೇಲೆ, ಸವಾಲನ್ನು ಸ್ವೀಕರಿಸುವುದು ಮರ್ಯಾದೆಯ ಪ್ರಶ್ನೆಯೆಂದು ಬಗೆದನು. ಇದನ್ನು ಬರಿಯ ಹುಂಬತನವೆಂದು ತಳ್ಳಿಹಾಕಲಾಗದು. ಮೊದಲು ಅಳೆದು ಆಮೇಲೆ ಧುಮುಕಿದವನ ಮಾತು ಅದು. ಹನ್ನೊಂದನೆಯ ನಡೆಯಲ್ಲಿ ಬಿಳಿಯ ಆನೆ ಇ5ರಲ್ಲಿ ಬಂದು ನಿಂತಾಗ ಕಾಲಾಳು ಅವನ ಕೈಸೇರಿತ್ತು.

ಮಾರ್ಷಲನು ಡಿ5ರ ಕುದುರೆಯನ್ನು ಎಫ್6ಕ್ಕೆ ಹಿಂತೆಗೆದನು. ಆನೆ ಇ1ಕ್ಕೆ ಮರಳಿತು. ಕಪ್ಪು ಒಂಟೆ ಡಿ6ಕ್ಕೆ ಬಂದು, ಬಿಳಿಯ ರಾಜನ ನೆರೆಮನೆಯಾದ ಎಚ್2ರ ಮೇಲೆ ನೇರವಾಗಿ ಗುರಿಯಿಟ್ಟಿತು. ಕುದುರೆ ಜಿ4ಕ್ಕೆ ಬಾರದಿರಲೆಂದು ಕಪಾಬ್ಲಾಂಕನು ಎಚ್3ಕ್ಕೆ ಕಾಲಾಳನ್ನಿಟ್ಟನು. ಆದರೂ ಕುದುರೆ ಜಿ4ಕ್ಕೇ ಬಂದಿತು! ಅದನ್ನು ಹೊಡೆದರೆ ಕಪ್ಪು ಮಂತ್ರಿಯು ಎಚ್4ಕ್ಕೆ ಧಾವಿಸಿ, ಒಂಟೆಯೊಡಗೂಡಿ ತೆರೆದ ಬಾಗಿಲಿನಿಂದ ನುಗ್ಗುತ್ತದೆ. ಕಪಾಬ್ಲಾಂಕನು ಅದನ್ನು ಮುಟ್ಟದೆ ತನ್ನ ಮಂತ್ರಿಯನ್ನು ಎಫ್3ರಲ್ಲಿ ನಿಲ್ಲಿಸಿದನು. ಕಪ್ಪು ಮಂತ್ರಿಯು ಹೇಗೂ ಎಚ್4ಕ್ಕೆ ಬಂದಿತು.

ಈ ಘಟ್ಟದಲ್ಲಿ ಬಿಳಿಯ ಪಕ್ಷಕ್ಕೆ ಒಂದು ಆಕರ್ಷಕವಾದ ನಡೆಯಿತ್ತು. ಆನೆಯನ್ನು ಇ8ಕ್ಕೆ ನುಗ್ಗಿಸಿ, ಎದುರಾಳಿಯ ಆನೆಯನ್ನು ಹೊಡೆದು, ಬಳಿಕ ಜಿ4ರ ಕುದುರೆಯನ್ನೂ ಮಂತ್ರಿಯಿಂದ ಹೊಡೆಯಬಹುದಾಗಿತ್ತು. ಹಾಗೆ ಮಾಡಿದ್ದರೆ ಕಪ್ಪು ಪಕ್ಷದ ಉಳಿದ ಆನೆಯು ಇ ಸಾಲಿಗೆ ಬಂದು ನಿಲ್ಲುತ್ತಿತ್ತು. ಎದುರಿಗಿರುವ ಕಪ್ಪು ಮಂತ್ರಿಯನ್ನು ಬಿಳಿಯ ಮಂತ್ರಿಯು ಆಸೆಯಿಂದ ಹೊಡೆದೊಡನೆ ಆ ಆನೆಯು ಇ1ಕ್ಕೆ ಇಳಿದು ರಾಜನನ್ನು ಸೆರೆಹಿಡಿಯುತ್ತಿತ್ತು. ಮನೆಯಲ್ಲಿ ಹೂಡಿದ ಹಂಚಿಕೆಯ ಸ್ವರೂಪವೇ ಇಂಥದು: ಕಣ್ಣಿಗೆ ಮೊದಲು ಬೀಳುವ ಉತ್ತರಕ್ಕೆ ಅಲ್ಲಿ ಶಿಕ್ಷೆ ಸಿದ್ಧವಾಗಿರುತ್ತದೆ. ಕಪಾಬ್ಲಾಂಕನು ಆ ಕಡೆ ಸುಳಿಯಲಿಲ್ಲ. ಡಿ4ಕ್ಕೆ ಕಾಲಾಳನ್ನು ನಡೆಸಿ, ಇದುವರೆಗೆ ಕಟ್ಟುಬಿದ್ದಿದ್ದ ತನ್ನ ಎಡ ಒಂಟೆಗೆ ದಾರಿ ಬಿಟ್ಟನು. ಬೆಂಕಿ ಹತ್ತಿದ ಮನೆಯಲ್ಲಿ ನಿಂತು ಕಿಟಕಿಯ ಅಗುಳಿಯನ್ನು ಸಾವಧಾನವಾಗಿ ತೆಗೆದಂತಿದ್ದಿತು ಆ ನಡೆ.

ಮಾರ್ಷಲನ ಕುದುರೆ ಎಫ್2ರ ಕಾಲಾಳನ್ನು ಹೊಡೆದು ಬಿಳಿಯ ಕೋಟೆಯೊಳಗೇ ನಿಂತಿತು. ಮಂತ್ರಿಯಿಂದ ಅದನ್ನು ಹೊಡೆದರೆ, ಕಪ್ಪು ಒಂಟೆಯು ಎಚ್2ರಲ್ಲಿ ಶಹ ಕೊಟ್ಟು ರಾಜನನ್ನು ಮೂಲೆಯಿಂದ ಕದಲಿಸಿ, ಮರುನಡೆಯಲ್ಲಿ ಜಿ3ಕ್ಕೆ ಸರಿದು ಮಂತ್ರಿಯನ್ನೂ ಅದರ ಹಿಂದಿನ ಆನೆಯನ್ನೂ ಒಂದೇ ಗೆರೆಯಲ್ಲಿ ಗುರಿಮಾಡುತ್ತದೆ. ಕಪಾಬ್ಲಾಂಕನು ಆನೆಯನ್ನು ಇ2ಕ್ಕೆ ಒಂದೇ ಹೆಜ್ಜೆ ಮುಂದಿಟ್ಟನು. ಮಾರ್ಷಲನು ತನ್ನ ಇನ್ನೊಂದು ಒಂಟೆಯನ್ನೂ ಜಿ4ರಲ್ಲಿ ಬಲಿಗೆ ಒಡ್ಡಿದನು. ಅಲ್ಲಿ ಒಂಟೆಯ ಬದಲು ಕುದುರೆಯನ್ನೇ ಹಿಂತೆಗೆದಿದ್ದರೆ ಹೆಚ್ಚು ಲೇಸಾಗುತ್ತಿತ್ತೆಂದು ಅನಂತರದ ವಿಮರ್ಶಕರು ಅಭಿಪ್ರಾಯಪಟ್ಟಿದ್ದಾರೆ. ಮಾರ್ಷಲನ ಸ್ವಭಾವ ಹಿಂಜರಿಯುವುದಾಗಿರಲಿಲ್ಲ. ಕಪಾಬ್ಲಾಂಕನು ಎಚ್3ರ ಕಾಲಾಳಿನಿಂದ ಒಂಟೆಯನ್ನು ಹೊಡೆದನು. ಉಳಿದ ಕಪ್ಪು ಒಂಟೆ ಎಚ್2ರಲ್ಲಿ ಶಹ ಕೊಟ್ಟಿತು. ರಾಜನು ಎಫ್1ಕ್ಕೆ ಸರಿದನು. ಒಂಟೆ ಜಿ3ಕ್ಕೆ ಸರಿದು, ಎಚ್1ರಲ್ಲಿ ಮಂತ್ರಿಯಿಂದ ಶಹಮಾತ್ ಮಾಡುವ ಬೆದರಿಕೆ ಹಾಕಿತು. ಬಿಳಿಯ ಆನೆಯು ಎಫ್2ರ ಕುದುರೆಯನ್ನು ಹೊಡೆಯಿತು. ಹೊಡೆದುದರಿಂದ ಕಾಯಿ ಬಂದುದಷ್ಟೇ ಅಲ್ಲ, ಇ2ರ ಮನೆ ಖಾಲಿಯಾಗಿ ರಾಜನಿಗೆ ಓಡಲು ಎಡೆಯಾಯಿತು. ಎಚ್1ರಲ್ಲಿ ಶಹ ಬಿದ್ದಾಗ ರಾಜನು ಆ ಎಡೆಯಿಂದಲೇ ಹೊರಬಿದ್ದನು.

ಇಲ್ಲಿಂದ ಮುಂದಿನದು ರಾಜನ ಪಯಣ. ಕೋಟೆಯೊಳಗೆ ಅಡಗಿರಬೇಕಾದ ರಾಜನು ಎಫ್1, ಇ2, ಡಿ3, ಸಿ2 ಎಂದು ಒಂದೊಂದೇ ಮನೆಯಾಗಿ ಮಣೆಯ ನಡುವೆ ಹಾದು ಎಡಭಾಗಕ್ಕೆ ಹೋದನು. ಅದೇ ಹೊತ್ತಿಗೆ ಕಪ್ಪು ಪಕ್ಷವು ಎಫ್2ರ ಆನೆಯನ್ನು ಹೊಡೆದುಕೊಂಡಿತು. ಮೇಲುನೋಟಕ್ಕೆ ಬಿಳಿಯ ಪಕ್ಷವು ಕುಸಿಯುತ್ತಿರುವಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಸಂಗತಿ ಬೇರೆ. ಕಪಾಬ್ಲಾಂಕನು ಒಂದು ಆನೆಯನ್ನು ಕೊಟ್ಟು ಒಂದು ಕುದುರೆಯನ್ನೂ ಒಂದು ಒಂಟೆಯನ್ನೂ ಪಡೆದಿದ್ದನು. ನಾಲ್ಕು ಶಹಗಳ ಬಿರುಗಾಳಿ ಕಳೆದ ಮೇಲೆ ಸಿ2ರಲ್ಲಿ ತನ್ನ ಕಾಯಿಗಳ ನಡುವೆ ನಿಂತ ರಾಜನನ್ನು ಮುಟ್ಟುವವರೇ ಇರಲಿಲ್ಲ. ಕಪ್ಪು ಮಂತ್ರಿಯೂ ಒಂಟೆಯೂ ಬಿಳಿಯ ಪಕ್ಷದ ಬಲಮೂಲೆಯಲ್ಲಿ, ಒಡೆಯನು ತೊರೆದುಹೋದ ಮನೆಯಲ್ಲಿ ಕಳ್ಳರಂತೆ ಉಳಿದುಬಿಟ್ಟವು.

ಆಗ ಕಪಾಬ್ಲಾಂಕನು ಎಡಭಾಗದಲ್ಲಿ ಮುನ್ನಡೆಯನ್ನು ಆರಂಭಿಸಿದನು. ಬಿ3ರ ಒಂಟೆ ಡಿ5ಕ್ಕೆ ಬಂದು ಮಣೆಯ ನಡುವೆ ಬೇರೂರಿತು. ಬಿ4, ಎ4 ಎಂದು ಕಾಲಾಳುಗಳು ಸಾಗಿದವು. ಒಂದು ಚಿಕ್ಕ ಸಂಗತಿ ಇಲ್ಲಿ ಗಮನಾರ್ಹ: ಎ1ರ ಬಿಳಿಯ ಆನೆ ಮೊದಲ ಬಾರಿ ಕದಲಿದುದು 31ನೆಯ ನಡೆಯಲ್ಲಿ, ಬಿ1ರ ಕುದುರೆ ಕದಲಿದುದು 32ನೆಯ ನಡೆಯಲ್ಲಿ. ಅಲ್ಲಿಯತನಕ ಬಿಳಿಯ ಪಕ್ಷವು ಅರ್ಧ ಸೈನ್ಯದಿಂದಲೇ ಕಾದಾಡಿತ್ತು. ಮಾರ್ಷಲನು ತೆತ್ತ ಕಾಲಾಳಿಗೆ ಕೊಂಡ ಕಾಲವು ಎಷ್ಟು ಹೆಚ್ಚಿನದಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಎಡ ಅಂಚಿನಿಂದ ಹೊರಟ ಕಾಲಾಳೊಂದು ಬಿ5ರಲ್ಲಿ ಶತ್ರುವನ್ನು ಹೊಡೆದು, ಬಿ6ಕ್ಕೂ ಬಿ7ಕ್ಕೂ ಏರಿ, ಮಂತ್ರಿಪದವಿಗೆ ಒಂದೇ ಹೆಜ್ಜೆಯ ದೂರದಲ್ಲಿ ನಿಂತಿತು. ಆ ಕೊನೆಯ ಮನೆಯನ್ನು ಎಫ್8ರ ಕಪ್ಪು ಆನೆಯು ಕಾಯುತ್ತಿತ್ತು. 36ನೆಯ ನಡೆಯಲ್ಲಿ ಕಪಾಬ್ಲಾಂಕನು ಡಿ5ರ ಒಂಟೆಯಿಂದ ಎಫ್7ರ ಕಾಲಾಳನ್ನು ಹೊಡೆದು ಶಹ ಕೊಟ್ಟನು. ಆನೆಯು ಒಂಟೆಯನ್ನು ಹೊಡೆದರೆ ಕಾವಲು ತಪ್ಪಿ ಕಾಲಾಳು ಮಂತ್ರಿಯಾಗುತ್ತದೆ. ರಾಜನು ಸರಿದರೂ ಕೆಲವೇ ನಡೆಗಳಲ್ಲಿ ಶಹಮಾತ್ ತಪ್ಪದು. ಮಾರ್ಷಲನು ಸೋಲೊಪ್ಪಿದನು. ಪಂದ್ಯಾವಳಿಯಲ್ಲಿ ಕಪಾಬ್ಲಾಂಕನಿಗೇ ಪ್ರಥಮ ಸ್ಥಾನ ದೊರೆಯಿತು. ಮೂರು ವರ್ಷಗಳ ಬಳಿಕ, 1921ರಲ್ಲಿ, ಅವನು ಲಾಸ್ಕರನನ್ನು ಸೋಲಿಸಿ ಜಗಜ್ಜೇತನಾದನು.

ಮಾರ್ಷಲನ ಆಕ್ರಮಣವು ಅಂದೇ ಸತ್ತಿತೆಂದು ಯಾರಾದರೂ ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆಟವೊಂದು ಸೋತ ಮಾತ್ರಕ್ಕೆ ಅದರ ಆರಂಭವೂ ಸೋತಿತೆನ್ನಲಾಗದು. ಎಲ್ಲಿ ತಪ್ಪಿತೆಂದು ಹುಡುಕಿ ನೋಡಬೇಕು. ಹುಡುಕಿದವರಿಗೆ ದೊರೆತುದು ಹನ್ನೊಂದನೆಯ ನಡೆ. ಡಿ5ರಲ್ಲಿ ಮಣೆಯ ನಡುವೆ ದೃಢವಾಗಿ ನಿಂತಿದ್ದ ಕುದುರೆಯನ್ನು ಎಫ್6ಕ್ಕೆ ಹಿಂತೆಗೆದುಕೊಳ್ಳುವುದಕ್ಕೆ ಬದಲು, ಸಿ6ಕ್ಕೆ ಕಾಲಾಳನ್ನು ಒಂದು ಹೆಜ್ಜೆ ನಡೆಸಿ ಅದಕ್ಕೆ ಆಸರೆ ಕೊಟ್ಟರೆ ಸಾಕು. ಕುದುರೆ ನಡುವಿನಲ್ಲಿಯೇ ಉಳಿಯುತ್ತದೆ, ಒಂಟೆಯೂ ಮಂತ್ರಿಯೂ ಮೊದಲಿನಂತೆಯೇ ಬಿಳಿಯ ರಾಜನ ಕಡೆಗೆ ಸಾಗುತ್ತವೆ. ಅಬ್ಬರದ ಆಕ್ರಮಣಕ್ಕೆ ಬೇಕಾಗಿದ್ದುದು ಒಂದು ಶಾಂತವಾದ ನಡೆ! ಈ ತಿದ್ದುಪಡಿಯ ಬಳಿಕ ಮಾರ್ಷಲನ ಆರಂಭವು ಮಹಾಪ್ರೌಢರ ಬತ್ತಳಿಕೆಯನ್ನು ಸೇರಿತು. 1965ರಲ್ಲಿ ಟಿಬಿಲಿಸಿಯಲ್ಲಿ ಮಾಜಿ ಜಗಜ್ಜೇತನಾದ ಟಾಲನ ಎದುರು ಸ್ಪಾಸ್ಕಿಯು ಅದನ್ನು ಮತ್ತೆ ಮತ್ತೆ ಪ್ರಯೋಗಿಸಿದನು. ಆಕ್ರಮಣಕ್ಕೆ ಹೆಸರಾದ ಟಾಲನೇ ಅದನ್ನು ಭೇದಿಸಲಾರದೆ ಹೋದನು. ಈಚೆಗೆ ಗಣಕಯಂತ್ರಗಳು ಪರಿಶೀಲಿಸಿದ ಮೇಲೆಯೂ, ಕಪ್ಪು ಪಕ್ಷವು ಒಂದು ಕಾಲಾಳು ಕಡಮೆಯಿದ್ದು ಸರಿಸಮವಾಗಿ ನಿಲ್ಲಬಲ್ಲುದೆಂಬ ಅಭಿಪ್ರಾಯ ಅಳಿದಿಲ್ಲ. ಎಂಟನೆಯ ನಡೆಯಲ್ಲಿ ಸಿ3ನ್ನು ಆಡದೆ ಎ4 ಅಥವಾ ಎಚ್3ನ್ನು ಆಡಿ, ಈ ಆಕ್ರಮಣಕ್ಕೆ ಆಸ್ಪದವನ್ನೇ ಕೊಡದೆ ಪಕ್ಕಕ್ಕೆ ಸರಿಯುವವರು ಅನೇಕರು. 1993ರ ಜಗತ್ ಪಂದ್ಯದಲ್ಲಿ ಕಾಸ್ಪರೋವನು ಎ4ನ್ನೇ ಆಡಿದನು.

2004ರಲ್ಲಿ ಸ್ವಿಟ್ಜರ್ಲೆಂಡಿನ ಬ್ರಿಸಾಗೊ ಎಂಬಲ್ಲಿ ಈ ಆರಂಭಕ್ಕೆ ಮತ್ತೊಂದು ಪರೀಕ್ಷೆ ಒದಗಿತು. ಜಗಜ್ಜೇತ ಪದವಿಗಾಗಿ ರಷ್ಯದ ವ್ಲಾದಿಮಿರ್ ಕ್ರಾಮ್ನಿಕನೂ ಹಂಗೆರಿಯ ಪೀಟರ್ ಲೆಕೊವೂ 14 ಆಟಗಳ ಪಂದ್ಯವನ್ನಾಡುತ್ತಿದ್ದರು. ಎಂಟನೆಯ ಆಟದಲ್ಲಿ ಲೆಕೊ ಮಾರ್ಷಲನ ಕಾಲಾಳನ್ನು ನೀಡಿದನು, ಕ್ರಾಮ್ನಿಕನು ಸ್ವೀಕರಿಸಿದನು. ಈ ಸಲ ಹಂಚಿಕೆಯನ್ನು ಮನೆಯಿಂದ ಸಿದ್ಧಪಡಿಸಿಕೊಂಡು ಬಂದಿದ್ದವನು ಬಿಳಿಯ ಪಕ್ಷದವನು. ಗಣಕಯಂತ್ರದ ನೆರವಿನಿಂದ ಅವನ ಬಳಗದವರು ಹೂಡಿದ್ದ ಆ ಹಂಚಿಕೆಯಂತೆ ಕ್ರಾಮ್ನಿಕನು 24ನೆಯ ನಡೆಯಲ್ಲಿ ತನ್ನ ಮಂತ್ರಿಯನ್ನೇ ಒಂದು ಆನೆಗೆ ಬದಲಾಗಿ ಕೊಟ್ಟನು. ಎಡ ಅಂಚಿನ ಕಾಲಾಳು ಬಿ5ನ್ನೂ ಎ6ನ್ನೂ ಹೊಡೆದುಕೊಂಡು ಮುನ್ನುಗ್ಗಿ ಮಂತ್ರಿಯಾಗುವುದೆಂಬುದು ಅವನ ಎಣಿಕೆ. 1918ರಲ್ಲಿ ಕಪಾಬ್ಲಾಂಕನಿಗೆ ಗೆಲುವು ತಂದುದೂ ಅದೇ ಅಂಚಿನ ಕಾಲಾಳೇ. ಲೆಕೊ ಮಣೆಯ ಮುಂದೆ ಕುಳಿತು ಯೋಚಿಸಿ, ತನ್ನ ಮಂತ್ರಿಯನ್ನು ಡಿ3ಕ್ಕೆ ನಡೆಸಿದನು. ಆ ನಡೆಯ ಬಲವನ್ನು ಕ್ರಾಮ್ನಿಕನ ಸಿದ್ಧತೆಯು ಗುರುತಿಸಿರಲಿಲ್ಲ. ಬಿಳಿಯ ಕಾಲಾಳು ಎ7ರವರೆಗೆ ಬಂದಿತು, ಅಲ್ಲಿಯೇ ನಿಂತಿತು. 32ನೆಯ ನಡೆಯಲ್ಲಿ ಕ್ರಾಮ್ನಿಕನು ಸೋಲೊಪ್ಪಿದನು. ಕೊನೆಯ ಆಟವನ್ನು ಗೆದ್ದು ಪಂದ್ಯವನ್ನು 7–7ಕ್ಕೆ ತಂದು ಅವನು ಪದವಿಯನ್ನು ಉಳಿಸಿಕೊಂಡನು. ಆ ಆಟದಲ್ಲಿ ಲೆಕೊ ಆಡಿದುದು ಮಾರ್ಷಲನ ಆರಂಭವನ್ನಲ್ಲ.